ಒಂದು ದಾಳಕ್ಕೆ ನಾಲ್ಕು ನೂರು ಜನ: ಆಟದಲ್ಲಿ ಭಾಷಣದಿಂದ ಗುಂಪನ್ನು ಒಲಿಸುವುದು ಹೇಗೆ?

ಪ್ರಶ್ನೆ: ದಾಳ ಉರುಳಿಸುತ್ತ ಪಾತ್ರಗಳಾಗಿ ಕಥೆ ಕಟ್ಟುವ ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿಯನ್ನು ಗೆಳೆಯರಿಗೆ ಆಡಿಸುತ್ತಿದ್ದೇನೆ. ನಮ್ಮ ಕಥೆಯ ಬಂದರು ಪಟ್ಟಣದಲ್ಲಿ ಸಾಮಂತನೊಬ್ಬ ಧಾನ್ಯದ ಮೇಲಿನ ತೆರಿಗೆ ಏರಿಸಿದ್ದಾನೆ. ಐದನೇ ಹಂತದ ಬಾರ್ಡ್ (ಹಾಡುಗಾರ ಸಾಹಸಿ) ಪಾತ್ರದ ಆಟಗಾರ್ತಿ ಸಂತೆಕಟ್ಟೆ ಹತ್ತಿ, "ಕೋಟೆಗೆ ನುಗ್ಗಿ" ಎಂದು ಕರೆ ಕೊಟ್ಟಳು. ಪರ್ಸುಯೇಷನ್ (ಮನವೊಲಿಸುವ ಕೌಶಲ) +10, ಇಪ್ಪತ್ತು ಮುಖದ ದಾಳದಲ್ಲಿ ಬಿದ್ದದ್ದು 20. ನಾಲ್ಕು ನೂರು ಜನ ಕೋಟೆ ಬಾಗಿಲಿಗೆ ಹೊರಟರು, ಅಂದಿನ ಆಟ ಅಲ್ಲಿಗೆ ನಿಂತಿತು. ಇದು ಸರಿಯೇ? ಇನ್ನೊಬ್ಬ ಆಟಗಾರನ ಧರ್ಮಯೋಧ ಪಾತ್ರ ಪ್ಯಾಲಡಿನ್‌ಗೂ ಒಳ್ಳೆಯ ಕರಿಸ್ಮಾ (ವ್ಯಕ್ತಿತ್ವದ ಸೆಳೆತದ ಅಂಕ) ಇದೆ. ಆದರೆ ಆ ಆಟಗಾರ ಸಂಕೋಚದವನು, ಭಾಷಣದ ಸನ್ನಿವೇಶ ಬಂದರೆ ಬಾಯಿ ಬಿಡುವುದಿಲ್ಲ. ಇಬ್ಬರಿಗೂ ಹೊಂದುವ ನಿಯಮ ಇದೆಯೇ?

ಉತ್ತರ: ಮೊದಲು ಆ 20ರ ವಿಷಯ ಮುಗಿಸಿಬಿಡೋಣ. 2014ರ ಐದನೇ ಆವೃತ್ತಿಯ ನಿಯಮದಂತೆ ದಾಳದಲ್ಲಿ 20 ಬಿದ್ದರೆ ತಾನಾಗಿ ಗೆಲುವು ಸಿಗುವುದು ಆಯುಧದಿಂದಲೋ ಮಂತ್ರದಿಂದಲೋ ಮಾಡುವ ದಾಳಿಯ ಏಟಿಗೆ ಮಾತ್ರ. ಪರ್ಸುಯೇಷನ್‌ನಂಥ ಸಾಮರ್ಥ್ಯ ಪರೀಕ್ಷೆಗೆ ಆ ಸೌಲಭ್ಯವಿಲ್ಲ. ನಿಮ್ಮ ಬಾರ್ಡ್‌ಗೆ ಸಿಕ್ಕಿದ್ದು 30 ಎಂಬ ಮೊತ್ತ. ಅದು ಬಹಳ ದೊಡ್ಡ ಮೊತ್ತವೇ, ಅನುಮಾನವಿಲ್ಲ. ಆದರೆ ಆ ಮೊತ್ತಕ್ಕೆ ಏನು ಕೊಳ್ಳಬಹುದು ಎಂಬುದನ್ನು ದಾಳ ಉರುಳುವ ಮೊದಲೇ ನೀವು ಹೇಳಿರಲಿಲ್ಲ. ತೊಂದರೆ ಇರುವುದು ಅಲ್ಲಿ.

ಅಚ್ಚರಿಯೆಂದರೆ ಇದರ ಉತ್ತರ ಬಹುಪಾಲು ನಿಮ್ಮ ಬಳಿ ಇರುವ ಪುಸ್ತಕದಲ್ಲೇ ಇದೆ. 2014ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಸಂಭಾಷಣೆಗೆಂದು ಪುಟ್ಟ ಕೋಷ್ಟಕವೊಂದಿದೆ, ಹೆಚ್ಚಿನ ಡಿಎಂಗಳು (ಡಂಜನ್ ಮಾಸ್ಟರ್, ಅಂದರೆ ಆಟ ಆಡಿಸುವವರು) ಅದನ್ನು ಓದದೆ ಪುಟ ತಿರುಗಿಸುತ್ತಾರೆ. ಎದುರಿನವರ ಧೋರಣೆ ಮೂರು ಬಗೆ: ಸ್ನೇಹ, ತಟಸ್ಥ, ವೈರ. ತಟಸ್ಥ ವ್ಯಕ್ತಿಯಿಂದ 10ರ ಮೊತ್ತಕ್ಕೆ ಸಿಗುವುದು ತನಗೆ ಅಪಾಯವಾಗಲಿ ನಷ್ಟವಾಗಲಿ ಇಲ್ಲದ ಸಹಾಯ. 20ಕ್ಕೆ ಸಣ್ಣ ಅಪಾಯ ಅಥವಾ ಸಣ್ಣ ತ್ಯಾಗ. ಅದಕ್ಕಿಂತ ಮೇಲೆ ಏನೂ ಇಲ್ಲ. ಸ್ನೇಹದಲ್ಲಿರುವವರು 10ಕ್ಕೆ ಸಣ್ಣ ಅಪಾಯ ಹೊರುತ್ತಾರೆ, 20ಕ್ಕೆ ದೊಡ್ಡದನ್ನೇ ಹೊರುತ್ತಾರೆ. ವೈರಿಗಳು 10ಕ್ಕೆ ಕೇಡು ಮಾಡದೆ ಸುಮ್ಮನಿರುತ್ತಾರೆ. 20 ಬಂದರೆ, ಕೈ ಸುಡುವುದಿಲ್ಲ ಎಂದಾದರೆ ಮಾತ್ರ ಹೇಳಿದ್ದು ಮಾಡುತ್ತಾರೆ. ಅಂದರೆ ತಟಸ್ಥ ಗುಂಪಿನ ಮುಂದೆ 30 ಬಿದ್ದರೂ 50 ಬಿದ್ದರೂ ಅವರು ಬಿಲ್ಲುಗಾರರು ನಿಂತ ಗೋಡೆಗೆ ಎದೆಕೊಟ್ಟು ಓಡುವುದಿಲ್ಲ. ಅಂಗಡಿ ಮುಚ್ಚಬಹುದು, ತೆರಿಗೆ ವಸೂಲಿಗಾರನಿಗೆ ದಾರಿ ಬಿಡದೆ ನಿಲ್ಲಬಹುದು. ಅಷ್ಟೇ.

2024ರ ಪರಿಷ್ಕೃತ ನಿಯಮಗಳು ಇನ್ನೂ ಕಟ್ಟುನಿಟ್ಟು. ಒಪ್ಪುವ ಮನಸ್ಸಿರುವವರಿಗೆ ದಾಳ ಬೇಡ, ಖಂಡಿತ ಒಪ್ಪದವರಿಗೂ ದಾಳ ಇಲ್ಲ. ನಡುವೆ ಹಿಂದೆಮುಂದೆ ನೋಡುತ್ತಿರುವವರಿಗೆ ಮಾತ್ರ ದಾಳ. ಅದರಲ್ಲಿ ಸೋತರೆ ಅದೇ ಮಾತನ್ನು ಅದೇ ರೀತಿಯಲ್ಲಿ ಮತ್ತೆ ಹೇಳಲು 24 ಗಂಟೆ ಕಾಯಬೇಕು.

ಈ ಮಿತಿ ಏಕೆ ಬೇಕು ಎಂದು ತಿಳಿಯಲು ಆಟದ ಮೂರೂವರೆ (3.5) ಆವೃತ್ತಿಯ ಕಾಲವನ್ನು ನೋಡಬೇಕು. ಅಲ್ಲಿ ಡಿಪ್ಲೊಮಸಿ ಎಂಬ ಸಂಧಾನ ಕೌಶಲಕ್ಕೆ ಸ್ಥಿರ ಸಂಖ್ಯೆಗಳಿದ್ದವು: ವೈರಿಯನ್ನು ತಟಸ್ಥನಾಗಿಸಲು 25, ಸ್ನೇಹಿತನಾಗಿಸಲು 35, ಅಪಾಯ ಹೊತ್ತು ನೆರವಾಗುವ ಸಹಾಯಕನಾಗಿಸಲು 50. ಎದುರಿಗಿರುವವನು ಕುರಿ ಕಾಯುವವನೋ ಚಕ್ರವರ್ತಿಯೋ, ಸಂಖ್ಯೆ ಅದೇ. ಪಾತ್ರದ ಹಂತ ಏರಿದಂತೆ ಬೋನಸ್ ಏರುತ್ತಲೇ ಹೋಗುತ್ತಿತ್ತು. ಒಂದು ನಿಮಿಷದ ಮಾತಿನಲ್ಲಿ ಪರಮವೈರಿಯನ್ನು ಆಪ್ತನನ್ನಾಗಿ ಮಾಡಿಕೊಳ್ಳುವ ಪಾತ್ರಗಳನ್ನು ಆಟಗಾರರು ಲೆಕ್ಕಹಾಕಿ ಕಟ್ಟಿದರು. ಕತ್ತಿ ಹಿಡಿದವರಿಗೆ ಕೆಲಸವೇ ಉಳಿಯಲಿಲ್ಲ. ಎದುರಿನವರ ಆಸೆ ಭಯಗಳನ್ನು ಕೇಳದೆ ಬರೀ ಸಂಖ್ಯೆ ಕೇಳುವ ನಿಯಮದ ಗತಿ ಇದು.

ಇನ್ನು ಗುಂಪಿನ ಮಾತು. ನಾಲ್ಕು ನೂರು ಜನ ಸೇರಿ ಒಬ್ಬ ದೊಡ್ಡ ಮನುಷ್ಯನಾಗುವುದಿಲ್ಲ. ಬೈಬಲಿನ ಹೊಸ ಒಡಂಬಡಿಕೆಯ ಅಪೊಸ್ತಲರ ಕೃತ್ಯಗಳಲ್ಲಿ ಎಫೆಸದ ಗಲಭೆಯ ವರ್ಣನೆಯಿದೆ. ಬೆಳ್ಳಿ ಕೆಲಸದ ದೇಮೇತ್ರಿಯ ತನ್ನ ಕಸುಬಿನವರನ್ನು ಕೆರಳಿಸುತ್ತಾನೆ, ಊರೆಲ್ಲ ರಂಗಮಂದಿರಕ್ಕೆ ನುಗ್ಗುತ್ತದೆ, ಎರಡು ಗಂಟೆ ಕಾಲ ದೇವಿಯ ಹೆಸರು ಕೂಗುತ್ತದೆ. ಆದರೆ ಅಲ್ಲಿ ಸೇರಿದ್ದ ಹೆಚ್ಚಿನವರಿಗೆ ತಾವು ಏಕೆ ಬಂದಿದ್ದೇವೆಂದೇ ಗೊತ್ತಿರಲಿಲ್ಲ. ಡಿಎಂ ಆದವರು ಈ ಒಂದು ವಿವರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು. ಗುಂಪಿನಲ್ಲಿ ಕಸುಬು ಕಳೆದುಕೊಳ್ಳುವ ಭಯದವರಿದ್ದಾರೆ, ಭಕ್ತರಿದ್ದಾರೆ, ಸುಮ್ಮನೆ ಬಂದವರಿದ್ದಾರೆ.

ಆದ್ದರಿಂದ ನಾನು ಹೇಳುವ ನಿಯಮದ ತಿರುಳು ಇಷ್ಟು: ದಾಳ ಒಂದೇ, ಉತ್ತರ ಮಾತ್ರ ಬಣಕ್ಕೊಂದು. ಭಾಷಣಕ್ಕೆ ಮೊದಲು ಗುಂಪನ್ನು ಮೂರು ಬಣಗಳಾಗಿ ಒಡೆಯಿರಿ. ನಾಲ್ಕು ದಾಟಿದರೆ ಲೆಕ್ಕ ಇಡುವುದೇ ಆಟವಾಗಿಬಿಡುತ್ತದೆ. ನಿಮ್ಮ ಪಟ್ಟಣವನ್ನೇ ತೆಗೆದುಕೊಳ್ಳಿ. ಬಂದರಿನ ಹಮಾಲರು ತಟಸ್ಥರು: ಕೂಲಿ ಬೇಕು, ಹಡಗುಗಳು ಬೇರೆ ಬಂದರಿಗೆ ಹೋದಾವೆಂಬ ಭಯವಿದೆ. ರೊಟ್ಟಿ ಅಂಗಡಿಯವರೂ ತಟಸ್ಥರು: ತೆರಿಗೆ ಇಳಿಯಬೇಕು, ಆದರೆ ಗಲಭೆಯಾದರೆ ಮೊದಲು ಲೂಟಿಯಾಗುವುದು ತಮ್ಮ ಅಂಗಡಿಯೇ ಎಂದು ಅವರಿಗೆ ಗೊತ್ತು. ಮೂರನೆಯವರು ಕೋಟೆಯ ಕಾವಲುಗಾರರ ತಾಯಂದಿರು, ಹೆಂಡತಿಯರು, ಮಕ್ಕಳು. ಅವರೂ ಸಂತೆಗೆ ಬಂದವರೇ. ಕೋಟೆಗೆ ನುಗ್ಗಿ ಎಂಬ ಮಾತು ಕೇಳಿದೊಡನೆ ಅವರು ವೈರಿಗಳಾಗುತ್ತಾರೆ, ಗೋಡೆಯ ಮೇಲಿರುವವನು ಅವರ ಮಗ. ಪ್ರತಿ ಬಣಕ್ಕೂ ಒಂದು ಆಸೆ, ಒಂದು ಭಯ ಬರೆದಿಟ್ಟುಕೊಳ್ಳಿ.

ಭಾಷಣವನ್ನು ಮೂರು ಹೆಜ್ಜೆಗಳಲ್ಲಿ ಆಡಿಸಿ. ಮೊದಲನೆಯದು ಜನ ಕಿವಿಗೊಡುವುದು. ದೊಡ್ಡ ದನಿಯ ಮಾತುಗಾರನನ್ನು ಎಷ್ಟು ಜನ ಕೇಳಬಹುದು ಎಂದು ಬೆಂಜಮಿನ್ ಫ್ರ್ಯಾಂಕ್ಲಿನ್ ಅಳೆದು ನೋಡಿದ್ದ. 1739ರಲ್ಲಿ ಫಿಲಡೆಲ್ಫಿಯಾಕ್ಕೆ ಬಂದ ಬೋಧಕ ಜಾರ್ಜ್ ವೈಟ್‌ಫೀಲ್ಡ್ ಬೀದಿಯಲ್ಲಿ ಮಾತನಾಡುತ್ತಿದ್ದಾಗ ಫ್ರ್ಯಾಂಕ್ಲಿನ್ ನದಿಯ ಕಡೆಗೆ ಹಿಂದೆ ಹಿಂದೆ ನಡೆದು, ಬೀದಿಯ ಸದ್ದು ಆ ದನಿಯನ್ನು ನುಂಗಿದ ಜಾಗ ಗುರುತಿಸಿದ. ಅಷ್ಟು ದೂರದ ಅರ್ಧವೃತ್ತದಲ್ಲಿ ಒಬ್ಬರಿಗೆ ಎರಡು ಚದರ ಅಡಿಯಂತೆ ಲೆಕ್ಕ ಹಾಕಿದಾಗ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಕೇಳಬಹುದು ಎಂದಾಯಿತು. ನಿಮ್ಮ ನಾಲ್ಕು ನೂರು ಜನಕ್ಕೆ ತಲಾ ಐದು ಚದರ ಅಡಿ ಕೊಟ್ಟರೂ ಅವರೆಲ್ಲ ಕಟ್ಟೆಯ ಮುಂದೆ ಸುಮಾರು 36 ಅಡಿಯ ಅರ್ಧವೃತ್ತದೊಳಗೆ ಹಿಡಿಸುತ್ತಾರೆ. ದನಿ ತಲುಪುವುದು ಕಷ್ಟವಲ್ಲ. ಸಂತೆಯ ಗದ್ದಲ ನಿಲ್ಲಿಸುವುದು ಕಷ್ಟ. ಹಾಗಾಗಿ ಈ ಹೆಜ್ಜೆಗೆ ಪರ್ಸುಯೇಷನ್ ಬೇಡ. ಬಾರ್ಡ್ ಒಂದು ಹಾಡು ಹಾಡಲಿ, ಪರ್ಫಾರ್ಮೆನ್ಸ್ (ಕಲಾಪ್ರದರ್ಶನ) ಪರೀಕ್ಷೆ. ಪ್ಯಾಲಡಿನ್ ಗುರಾಣಿಗೆ ಕತ್ತಿ ಬಡಿಯಲಿ, ಇಂಟಿಮಿಡೇಷನ್ (ಬೆದರಿಸುವ ಕೌಶಲ). ಕ್ಲೆರಿಕ್ (ಪುರೋಹಿತ ಪಾತ್ರ) ಥಾಮಟರ್ಜಿ ಮಂತ್ರದಿಂದ ದನಿಯನ್ನು ಮೂರು ಪಟ್ಟು ಏರಿಸಿಕೊಂಡರೆ ದಾಳವೇ ಬೇಡ ಎಂದುಬಿಡಿ. ಡಿಸಿ (ಗೆಲ್ಲಲು ಮುಟ್ಟಬೇಕಾದ ಮೊತ್ತ) 15 ಸಾಕು. ಸೋತರೆ ಆಟ ನಿಲ್ಲುವುದಿಲ್ಲ, ಕಟ್ಟೆಯ ಹತ್ತಿರದ ಒಂದು ಬಣ ಮಾತ್ರ ಕೇಳಿಸಿಕೊಳ್ಳುತ್ತದೆ. ಯಾವ ಬಣ ಎಂಬುದನ್ನು ನೀವು ಆರಿಸಿ.

ಎರಡನೆಯ ಹೆಜ್ಜೆ ನಂಬಿಕೆ. ಎದುರಿನವರ ಆದರ್ಶ, ನಂಟು ಅಥವಾ ದೌರ್ಬಲ್ಯವನ್ನು ಮಾತು ಮುಟ್ಟಿದರೆ ಧೋರಣೆ ತಾತ್ಕಾಲಿಕವಾಗಿ ಒಂದು ಮೆಟ್ಟಿಲು ಏರುತ್ತದೆ ಎಂದು ಅದೇ ಗೈಡ್ ಹೇಳುತ್ತದೆ. ಬಣಗಳಿಗೂ ಇದನ್ನೇ ಅನ್ವಯಿಸಿ. ಒಂದು ಬಣದ ಆಸೆಯನ್ನು ಹೆಸರಿಟ್ಟು ಹೇಳಿದರೆ ಪರೀಕ್ಷೆಗೆ ಅಡ್ವಾಂಟೇಜ್ (ಎರಡು ಸಲ ಉರುಳಿಸಿ ಹೆಚ್ಚು ಬಂದದ್ದನ್ನು ಹಿಡಿಯುವುದು). ಅದರ ಭಯವನ್ನು ಕೆದಕಿದರೆ ಡಿಸಡ್ವಾಂಟೇಜ್ (ಕಡಿಮೆ ಬಂದದ್ದನ್ನು ಹಿಡಿಯುವುದು). ಇಲ್ಲಿ ಪರ್ಸುಯೇಷನ್ ಜೊತೆಗೆ ಹಿಸ್ಟರಿ, ರಿಲಿಜನ್, ಡಿಸೆಪ್ಷನ್ (ಸುಳ್ಳಾಡುವುದು) ಎಲ್ಲ ಕೌಶಲಗಳಿಗೂ ಬಾಗಿಲು ತೆರೆದಿಡಿ. ಹಿಂದಿನ ಸಾಮಂತ ಹಮಾಲರಿಗೆ ಬರೆದುಕೊಟ್ಟ ಸನದನ್ನು ಮಾಂತ್ರಿಕ ನೆನಪಿಸಿದರೆ ಅದೂ ಭಾಷಣವೇ. ಡಿಸಿ 15. ಗೆದ್ದರೆ ಆ ಬಣ ಒಂದು ಮೆಟ್ಟಿಲು ಏರುತ್ತದೆ, ಮರುದಿನ ಸೂರ್ಯ ಹುಟ್ಟುವವರೆಗೆ ಮಾತ್ರ.

ಮೂರನೆಯದು ಕರೆ. ಏನು ಮಾಡಬೇಕೆಂದು ಆಟಗಾರ್ತಿ ಒಂದೇ ವಾಕ್ಯದಲ್ಲಿ ಹೇಳಲಿ. ಆಮೇಲೆ ಒಂದೇ ದಾಳ, ಒಂದೇ ಮೊತ್ತ, ಆ ಮೊತ್ತವನ್ನು ಕೋಷ್ಟಕದಲ್ಲಿ ಪ್ರತಿ ಬಣದ ಧೋರಣೆಯ ಸಾಲಿನಲ್ಲಿ ಓದಿ. ನಿಮ್ಮ ಬಾರ್ಡ್ ಎರಡನೆಯ ಹೆಜ್ಜೆಯಲ್ಲಿ ಹಮಾಲರನ್ನು ಗೆದ್ದಿದ್ದಾಳೆ, ಈಗ 21 ಬಿದ್ದಿದೆ ಎನ್ನೋಣ. ಸ್ನೇಹಕ್ಕೆ ಏರಿದ ಹಮಾಲರು ದೊಡ್ಡ ಅಪಾಯಕ್ಕೆ ಸಿದ್ಧ, ಅವರು ಹೊರಡುತ್ತಾರೆ. ತಟಸ್ಥರಾಗಿಯೇ ಉಳಿದ ಅಂಗಡಿಯವರು ಬಾಗಿಲು ಮುಚ್ಚಿ, ನಾಲ್ಕು ಬುಟ್ಟಿ ರೊಟ್ಟಿ ಕೊಟ್ಟು ಕಳಿಸುತ್ತಾರೆ. ಕಾವಲುಗಾರರ ಮನೆಯವರು ಅಡ್ಡ ನಿಲ್ಲದೆ ಮನೆಗೆ ಹೋಗುತ್ತಾರೆ. ಅದೇ ಮೊತ್ತ 14 ಆಗಿದ್ದರೆ? ಹಮಾಲರು ಗೋಡೆಗೆ ಕಲ್ಲೆಸೆಯುವಷ್ಟು ದೂರ ಮಾತ್ರ ಬರುತ್ತಾರೆ, ಅಂಗಡಿಯವರು ಒಳ್ಳೆಯ ಮಾತಾಡಿ ವ್ಯಾಪಾರಕ್ಕೆ ಮರಳುತ್ತಾರೆ, ಆ ತಾಯಂದಿರು ಏನೂ ಮಾಡದೆ ನಿಂತು ನೋಡುತ್ತಾರೆ. ಗುಂಪು ಗೆದ್ದಿತು ಅಥವಾ ಸೋತಿತು ಎಂಬ ಎರಡೇ ಉತ್ತರಗಳ ಜಾಗದಲ್ಲಿ ಈಗ ನಿಮಗೊಂದು ಸನ್ನಿವೇಶ ಸಿಕ್ಕಿದೆ. ಗುಂಪಿನ ಗಾತ್ರವನ್ನು ಡಿಸಿಗೆ ಸೇರಿಸುವ ಗೋಜೂ ಇಲ್ಲ.

ಮೂರು ಸಲ ದಾಳ ಉರುಳಿಸಿ ಎರಡು ಗೆದ್ದರೆ ಸಾಕು ಎಂಬ ಸರಳ ಪದ್ಧತಿ ಏಕೆ ಬೇಡ ಎಂದು ಕೇಳುವವರಿದ್ದಾರೆ. +10 ಇರುವವಳಿಗೆ ಡಿಸಿ 20 ದಾಟುವ ಸಾಧ್ಯತೆ ಶೇ 55. ಮೂರರಲ್ಲಿ ಎರಡು ಎಂದಾಗ ಅದು ಶೇ 57ರ ಆಸುಪಾಸಿಗೆ ಬರುತ್ತದೆ, ಅಂದರೆ ಏನೂ ಬದಲಾಗಲಿಲ್ಲ. ಡಿಸಿ 15ಕ್ಕೆ ಶೇ 80 ಇದ್ದದ್ದು ಶೇ 90 ಆಗುತ್ತದೆ, ಡಿಸಿ 25ಕ್ಕೆ ಶೇ 30 ಇದ್ದದ್ದು ಶೇ 22ಕ್ಕೆ ಇಳಿಯುತ್ತದೆ. ದಾಳ ಹೆಚ್ಚಿಸಿದರೆ ಸುಲಭವಾದದ್ದು ಇನ್ನೂ ಸುಲಭ, ಕಷ್ಟದ್ದು ಇನ್ನೂ ಕಷ್ಟ. ಪ್ರತಿ ದಾಳಕ್ಕೂ ಬೇರೆ ಪರಿಣಾಮ ಇರದಿದ್ದರೆ ಮೂರು ಸಲ ಉರುಳಿಸುವುದು ಕಾಲಹರಣ.

ಕಾವಿನ ಆಯಸ್ಸಿಗೆ ಒಂದು ನಿಯಮ ಬೇಕೇ ಬೇಕು. ಅದಕ್ಕೆ ನಾನು ಇದೇ ಆಟದ 1981ರ ಬೇಸಿಕ್ ಆವೃತ್ತಿಯ ಮೊರೇಲ್ (ಎದೆಗಾರಿಕೆ) ನಿಯಮ ಎರವಲು ತರುತ್ತೇನೆ. ಎರಡು ಆರುಮುಖದ ದಾಳ ಉರುಳಿಸಿ, ಮೊತ್ತ ಮೊರೇಲ್ ಅಂಕವನ್ನು ಮೀರಿದರೆ ಆ ಕಡೆಯವರು ಎದೆಗೆಡುತ್ತಾರೆ. ಸಾಮಾನ್ಯ ಮನುಷ್ಯರ ಮೊರೇಲ್ 6, ಅಂದರೆ ಮೊದಲ ಪರೀಕ್ಷೆಯಲ್ಲೇ ಚದುರುವ ಸಾಧ್ಯತೆ ಶೇ 58. ಭಾಷಣದ ಮೂರು ಹೆಜ್ಜೆಗಳಲ್ಲಿ ಗೆದ್ದ ಪ್ರತಿಯೊಂದಕ್ಕೂ ಒಂದು ಅಂಕ ಸೇರಿಸಿ. ಭಾಷಣಕಾರ್ತಿ ತಾನೇ ಮುಂದಿನ ಸಾಲಿನಲ್ಲಿ ನಡೆದರೆ ಇನ್ನೊಂದು. ಎರಡು ಅಂಕ ಸೇರಿ 8 ಆದರೆ ಚದುರುವ ಸಾಧ್ಯತೆ ಶೇ 28ಕ್ಕೆ ಬೀಳುತ್ತದೆ, ನಾಲ್ಕೂ ಸೇರಿ 10 ಆದರೆ ಶೇ 8 ಮಾತ್ರ. ಮೊದಲ ಹೆಣ ಬಿದ್ದಾಗ, ಅರ್ಧ ಜನ ಇಲ್ಲವಾದಾಗ ಈ ಪರೀಕ್ಷೆ ಎಂಬುದು ಹಳೆಯ ನಿಯಮ. ಮರುದಿನ ಬೆಳಗ್ಗೆ ಇನ್ನೊಮ್ಮೆ ಎಂಬುದು ನನ್ನ ಸೇರ್ಪಡೆ.

ಆ ಬೆಳಗಿನ ಪರೀಕ್ಷೆಗೆ ಆಧಾರ ಕ್ರಿ.ಪೂ. 427ರ ಅಥೆನ್ಸ್. ಮಿಟಿಲೀನಿ ಎಂಬ ಊರು ಅಥೆನ್ಸ್ ವಿರುದ್ಧ ದಂಗೆಯೆದ್ದು ಸೋತಿತ್ತು. ಸಿಟ್ಟಿನಲ್ಲಿದ್ದ ಜನಸಭೆ ಅಲ್ಲಿನ ವಯಸ್ಕ ಗಂಡಸರನ್ನೆಲ್ಲ ಕೊಂದು ಹೆಂಗಸರು ಮಕ್ಕಳನ್ನು ಗುಲಾಮರಾಗಿಸಬೇಕೆಂದು ತೀರ್ಮಾನಿಸಿ ಹಡಗು ಕಳಿಸಿಬಿಟ್ಟಿತು. ರಾತ್ರಿ ಕಳೆಯಿತು, ಬೆಳಗಾಗುವಾಗ ಜನಕ್ಕೆ ಕಸಿವಿಸಿ. ಸಭೆ ಮತ್ತೆ ಸೇರಿತು. ತೀರ್ಮಾನ ಬದಲಿಸಬಾರದು ಎಂದು ಕ್ಲಿಯಾನ್ ಗುಡುಗಿದ. ಎದುರು ನಿಂತ ಡಿಯೊಡೋಟಸ್ ಮಾಡಿದ್ದನ್ನು ಪ್ರತಿಯೊಬ್ಬ ಆಟಗಾರನೂ ಗಮನಿಸಬೇಕು: ಆತ ಕರುಣೆ ತೋರಿ ಎಂದು ಬೇಡಲಿಲ್ಲ. ಶರಣಾದವರನ್ನೂ ಕೊಂದರೆ ಮುಂದೆ ದಂಗೆಯೆದ್ದ ಯಾವ ಊರೂ ಶರಣಾಗುವುದಿಲ್ಲ, ಕೊನೆಯವರೆಗೂ ಹೋರಾಡುತ್ತದೆ, ಪಾಳುಬಿದ್ದ ಊರಿನಿಂದ ನಿಮಗೆ ಕಪ್ಪವೂ ಬರುವುದಿಲ್ಲ ಎಂದು ವಾದಿಸಿದ. ಸಿಟ್ಟಿನ ಜನರ ಮುಂದೆ ಅವರ ಲಾಭವನ್ನೇ ಹಿಡಿದ. ಕೈಯೆತ್ತಿ ಮತ ಹಾಕಿದಾಗ ಕೂದಲೆಳೆಯ ಅಂತರದಲ್ಲಿ ಗೆದ್ದ. ಎರಡನೆಯ ಹಡಗಿನ ಹುಟ್ಟುಗಾರರು ಹುಟ್ಟು ಹಾಕುತ್ತಲೇ ಉಂಡು, ಸರದಿಯಲ್ಲಿ ಮಲಗಿ, ಮೊದಲ ಆಜ್ಞೆ ಓದಿ ಮುಗಿದು ಇನ್ನೇನು ಜಾರಿಯಾಗಬೇಕು ಎನ್ನುವಾಗ ಮಿಟಿಲೀನಿ ತಲುಪಿದರು. ಇದನ್ನು ಬರೆದಿಟ್ಟವನು ಅದೇ ಕಾಲದ ಇತಿಹಾಸಕಾರ ಥುಸಿಡಿಡೀಸ್. ಆಟದ ಮೇಜಿಗೆ ಇದಕ್ಕಿಂತ ಒಳ್ಳೆಯ ಸಾಹಸಕಥೆ ಬೇಕೇ? ಆಟಗಾರರ ಒಂದು ತಂಡ ಸಭೆಯಲ್ಲಿ ಮಾತನಾಡಬೇಕು, ಇನ್ನೊಂದು ತಂಡ ಹಡಗು ಓಡಿಸಬೇಕು.

ಎದುರಾಳಿ ಮಾತುಗಾರ ಇದ್ದಾಗ ಎರಡನೆಯ ಹೆಜ್ಜೆಯ ಡಿಸಿ 15ರ ಬದಲು ಇಬ್ಬರೂ ದಾಳ ಉರುಳಿಸಲಿ, ಹೆಚ್ಚು ಬಂದವರ ಕಡೆಗೆ ಆ ಬಣ ವಾಲುತ್ತದೆ. ಇಬ್ಬರೂ ಬೇರೆ ಬೇರೆ ಬಣವನ್ನು ಹಿಡಿದರೆ ಇನ್ನೂ ಚೆನ್ನ.

ಅತಿಯಾದ ಗೆಲುವಿಗೂ ಒಂದು ನಿಯಮವಿದೆ. ಪಾತ್‌ಫೈಂಡರ್ ಎಂಬ ಇನ್ನೊಂದು ಆಟದ ಎರಡನೇ ಆವೃತ್ತಿಯಲ್ಲಿ ಡಿಸಿಗಿಂತ 10 ಹೆಚ್ಚು ಬಂದರೆ ಅದು ವಿಶೇಷ ಯಶಸ್ಸು. ಭಾಷಣಕ್ಕೆ ಇದನ್ನು ಸ್ವಲ್ಪ ತಿರುಗಿಸಿ: ಕೇಳಿದ ಕೆಲಸಕ್ಕೆ ಬೇಕಾದ ಸಂಖ್ಯೆಗಿಂತ 10 ಹೆಚ್ಚು ಬಿದ್ದರೆ ಆ ಬಣ ಕೇಳಿದ್ದನ್ನೂ ಮಾಡುತ್ತದೆ, ಕೇಳದಿದ್ದ ಇನ್ನೊಂದನ್ನೂ ಮಾಡುತ್ತದೆ. ಆ ಇನ್ನೊಂದು ಏನೆಂದು ಡಿಎಂ ಹೇಳುತ್ತಾರೆ. ಇದರ ಸೊಗಸು ಲೆಕ್ಕದಲ್ಲಿದೆ. +10 ಇರುವ ಬಾರ್ಡ್ ಸ್ನೇಹದ ಬಣದಿಂದ ಡಿಸಿ 20ರ ದೊಡ್ಡ ಸಾಹಸ ಕೇಳಿದರೆ ಜನ ಕೈಮೀರುವ ಸಾಧ್ಯತೆ ಶೇ 5 ಮಾತ್ರ. ಅದೇ ಬಣದಿಂದ ಡಿಸಿ 10ರ ಸಣ್ಣ ಕೆಲಸ ಕೇಳಿದರೆ ಶೇ 55. ಕಾವೇರಿದ ಜನಕ್ಕೆ ಮೆರವಣಿಗೆ ಮಾಡಿ ಎಂದಷ್ಟೇ ಹೇಳಿದರೆ ಉಳಿದ ಕೆಲಸವನ್ನು ಅವರೇ ಹುಡುಕಿಕೊಳ್ಳುತ್ತಾರೆ, ಹೆಚ್ಚಾಗಿ ಬೆಂಕಿಪೊಟ್ಟಣದ ಕೆಲಸ. ಈ ನಿಯಮವನ್ನು ಮೊದಲೇ ಎಲ್ಲರಿಗೂ ಹೇಳಿಡಿ. ಬಚ್ಚಿಟ್ಟು ಆಮೇಲೆ ತೆಗೆದರೆ ಗೆದ್ದವಳಿಗೆ ಶಿಕ್ಷೆ ಕೊಟ್ಟಂತಾಗುತ್ತದೆ.

ಮಂತ್ರಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಆರನೇ ಹಂತದ ಮಾಸ್ ಸಜೆಷನ್ ಹನ್ನೆರಡು ಜೀವಿಗಳನ್ನಷ್ಟೇ ಹಿಡಿಯುತ್ತದೆ. ನಾಲ್ಕು ನೂರರಲ್ಲಿ ಆ ಹನ್ನೆರಡು ಮಂದಿ ಬಣಗಳ ಮುಖಂಡರಾದರೆ ಮಂತ್ರ ಸಾರ್ಥಕ, ಇಲ್ಲದಿದ್ದರೆ ವ್ಯರ್ಥ. 2014ರ ಎಂಥ್ರಾಲ್ 60 ಅಡಿಯೊಳಗಿನ ಕೇಳುಗರ ಗಮನ ಕಟ್ಟಿಹಾಕುತ್ತದೆ, ಅಷ್ಟರಲ್ಲಿ ನಿಮ್ಮ ರೋಗ್ (ಕಳ್ಳನ ಪಾತ್ರ) ಖಜಾನೆಯ ಹಿಂಬಾಗಿಲಲ್ಲಿರಬಹುದು. ಆದರೆ ಅದು ಯಾರ ಅಭಿಪ್ರಾಯವನ್ನೂ ಬದಲಿಸುವುದಿಲ್ಲ. ಕಟ್ಟೆಯ ಮೇಲೆ ನಿಂತು ಬಾಯಿಬಿಟ್ಟು ಮಂತ್ರ ಹೇಳಿದ್ದನ್ನು ಯಾರಾದರೂ ಗುರುತಿಸಿದರೆ ಕೇಳುಗರೆಲ್ಲ ಒಂದು ಮೆಟ್ಟಿಲು ಇಳಿಯಲಿ.

ಇನ್ನು ನಿಮ್ಮ ಸಂಕೋಚದ ಆಟಗಾರ. ಆತನಿಂದ ಭಾಷಣ ಕೇಳಬೇಡಿ. ಯಾರ ಜೊತೆ, ಏನು ಹೇಳಿ, ಏನು ಮಾಡಿಸಬೇಕು ಎಂಬ ಮೂರನ್ನು ಕೇಳಿ. "ನನ್ನ ಪ್ಯಾಲಡಿನ್ ಆ ತಾಯಂದಿರ ಜೊತೆ ಮಾತನಾಡುತ್ತಾನೆ. ನಿಮ್ಮ ಮಕ್ಕಳ ಮೇಲೆ ಯಾರೂ ಕೈಯೆತ್ತದಂತೆ ನೋಡಿಕೊಳ್ಳುತ್ತೇನೆ ಎಂದು ಪ್ರಮಾಣ ಮಾಡುತ್ತಾನೆ. ಬಾಗಿಲು ತೆರೆಯುವಂತೆ ಮಕ್ಕಳಿಗೆ ಹೇಳಿ ಎಂದು ಬೇಡುತ್ತಾನೆ." ಇಷ್ಟನ್ನು ತಲೆ ತಗ್ಗಿಸಿಕೊಂಡು ಹೇಳಿದರೂ ಇದು ಬಾರ್ಡ್‌ನ ಆರ್ಭಟಕ್ಕಿಂತ ಗಟ್ಟಿಯಾದ ಮಾತು, ಅಡ್ವಾಂಟೇಜ್ ಕೊಡಿ. ಅಡ್ವಾಂಟೇಜ್ ಮಾತಿನ ಹುರುಳಿಗೆ ಸಲ್ಲಬೇಕು, ಹೇಳುವವರ ಗಂಟಲಿಗೆ ಸಲ್ಲಬಾರದು. ಮಾತಿನ ಮೋಜು ಇರುವವರನ್ನು ತಡೆಯುವುದೂ ಬೇಡ, ಮೂರು ವಾಕ್ಯದ ಮಿತಿ ಹಾಕಿ. ಅಂಥವರಿಗೆ ತಾಳಮದ್ದಳೆಯ ಒಳ್ಳೆಯ ಧ್ವನಿಮುದ್ರಣ ಕೇಳಿಸಿ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳ ಬಲ ಇದ್ದದ್ದು ಎದುರಿನವರ ಮಾತಿನಿಂದಲೇ ಒಂದು ಎಳೆ ಹಿಡಿದು ಅವರತ್ತ ತಿರುಗಿಸುವುದರಲ್ಲಿ. ವೇಷವಿಲ್ಲ, ಕುಣಿತವಿಲ್ಲ, ಮೊದಲೇ ಬರೆದ ಸಂಭಾಷಣೆಯಿಲ್ಲ. ಕೂತಲ್ಲೇ ಕರ್ಣನಾಗಿ, ಕೃಷ್ಣನಾಗಿ ವಾದಿಸುವ ಈ ಕಲೆ ಕರಾವಳಿ ಮಲೆನಾಡಿನವರ ಕಿವಿಗೆ ಹೊಸದಲ್ಲ. ಪಾತ್ರದೊಳಗಿನಿಂದ ಆಶುವಾಗಿ ಮಾತನಾಡುವುದಕ್ಕೆ ಅಷ್ಟು ಹತ್ತಿರದ ಮಾದರಿ ಇರುವಾಗ ವಿದೇಶಿ ವಿಡಿಯೊಗಳ ಅನುಕರಣೆ ಏಕೆ ಎಂಬುದು ನನ್ನ ತಕರಾರು.

ಒಂದು ಎಚ್ಚರಿಕೆ. ನಿಮ್ಮ ಸಾಮಂತ ಭಾಷಣ ಮಾಡಿದಾಗ ದಾಳ ಉರುಳಿಸಿ ಆಟಗಾರರ ಪಾತ್ರಗಳನ್ನೇ ಒಪ್ಪಿಸಲು ಹೋಗಬೇಡಿ. ಜನ ಒಪ್ಪಿದರೆಂದು ಹೇಳಿ, ಪಾತ್ರಗಳ ಮನಸ್ಸನ್ನು ಅವರವರಿಗೆ ಬಿಡಿ.

ಈಗ ಕೋಟೆ ಬಾಗಿಲಲ್ಲಿ ನಿಂತಿರುವ ನಾಲ್ಕು ನೂರು ಜನರ ಗತಿ. ಆದದ್ದನ್ನು ಅಳಿಸಬೇಡಿ, 20 ಬಿದ್ದ ಸಂತೋಷವನ್ನು ಆಕೆಯಿಂದ ಕಸಿಯಬೇಡಿ. ಹಮಾಲರು ಸ್ನೇಹಕ್ಕೆ ಏರಿದ್ದಾರೆ ಎಂದು ಇಟ್ಟುಕೊಳ್ಳಿ. ಅವರ ದೊಡ್ಡ ಸಾಹಸಕ್ಕೆ ಬೇಕಿದ್ದದ್ದು 20, ಬಿದ್ದದ್ದು 30, ಹಾಗಾಗಿ ಹತ್ತರ ನಿಯಮ ಅನ್ವಯಿಸುತ್ತದೆ: ದಾರಿಯಲ್ಲಿ ಸುಂಕದ ಕಟ್ಟೆಗೆ ಬೆಂಕಿ ಬಿದ್ದಿದೆ. ಅಂಗಡಿಯವರು ಆ ಹೊಗೆ ನೋಡಿ ಹಿಂದಿನ ಸಾಲಿನಿಂದ ಜಾರಿಕೊಳ್ಳುತ್ತಿದ್ದಾರೆ. ಮೊರೇಲ್ 8. ಮುಂದಿನ ಆಟ ಆರಂಭವಾಗುವಾಗ ಬಾರ್ಡ್ ಎಲ್ಲಿ ನಿಂತಿದ್ದಾಳೆ ಎಂದು ಮೊದಲು ಕೇಳಿ. ಮುಂದಿನ ಸಾಲಿನಲ್ಲಿ ಎಂದರೆ 9. ಆಮೇಲೆ ಸಾಮಂತನನ್ನು ಗೋಡೆಯ ಮೇಲೆ ಹತ್ತಿಸಿ. ಬಾಣ ಬಿಡಿಸಬೇಡಿ, ಮಾತನಾಡಿಸಿ. ನಾಳೆಯಿಂದ ಹಡಗುಗಳನ್ನು ಪಕ್ಕದ ಬಂದರಿಗೆ ಕಳಿಸುತ್ತೇನೆ ಎನ್ನಲಿ. ಅವನು ಹಿಡಿದದ್ದು ಹಮಾಲರ ಭಯವನ್ನು ಎಂದು ನಿಮ್ಮ ಆಟಗಾರರಿಗೆ ಹೊಳೆಯುತ್ತದೆಯೋ ಇಲ್ಲವೋ ನೋಡಿ, ಇಬ್ಬರ ಕೈಗೂ ದಾಳ ಕೊಡಿ.